ಇಬ್ಬರು ಹಳೇ ದೋಸ್ತಿಗಳ ಸಾಕ್ಷ್ಯಚಿತ್ರ ಮಾಡುವವರಿಗೆ

ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಸಂದರ್ಶನ ಮಾಡಬೇಡಿ. ಒಬ್ಬರೇ ಸಿಕ್ಕರೆ ಹಿರಿಯರು ಸನ್ಮಾನ ಸಮಾರಂಭದ ಭಾಷಣ ಶುರು ಮಾಡುತ್ತಾರೆ. ಪಕ್ಕದಲ್ಲಿ ದೋಸ್ತಿ ಇದ್ದರೆ ಆ ಆಟ ನಡೆಯುವುದಿಲ್ಲ.

ನನ್ನ ಚಿತ್ರದ ಇಬ್ಬರೂ ಹುಡುಗರಾಗಿದ್ದಾಗಲೇ ಊರು ಬಿಟ್ಟು ಮುಂಬಯಿಗೆ ಬಂದವರು. ಹಗಲು ಅಲ್ಲಿನ ಫೋರ್ಟ್ ಪ್ರದೇಶದಲ್ಲಿ ಕ್ಯಾಂಟೀನ್ ಕೆಲಸ, ರಾತ್ರಿ ಕನ್ನಡ ಶಾಲೆ. ಒಬ್ಬರು "ಲೆಕ್ಕದಲ್ಲಿ ನಾನು ಯಾವಾಗಲೂ ಮುಂದೆ" ಎಂದರು. ಇನ್ನೊಬ್ಬರು ಬಿಡಲಿಲ್ಲ: "ಸುಳ್ಳು ಮಾರಾಯ, ನನ್ನ ಪುಸ್ತಕ ನೋಡಿ ಬರೀತಿದ್ದೆ!" ಇಂಥ ಮಾತಿಗೆ ಪ್ರಶ್ನೆಗಳ ಪಟ್ಟಿ ಬೇಕಿಲ್ಲ. ಒಂದು ಹಳೇ ಫೋಟೋ ಇಬ್ಬರ ಮಧ್ಯೆ ಇಟ್ಟು ಸುಮ್ನೆ ಇರಿ. ಜಗಳ ಕಾವೇರಿದಾಗ ಅವರು ತುಳುವಿಗೆ ಹೊರಳುತ್ತಾರೆ. ತಡೆಯಬೇಡಿ, ಆಮೇಲೆ ಸಬ್‌ಟೈಟಲ್ ಹಾಕಿದರಾಯಿತು.

ಮೇಜಿನ ಒಂದು ಮೂಲೆಯ ಎರಡು ಬದಿಗೆ ಕೂರಿಸಿ. ಒಂದು ಕ್ಯಾಮೆರಾದಲ್ಲಿ ಇಬ್ಬರೂ ಕಾಣಲಿ. ಇನ್ನೊಂದನ್ನು ಕೇಳುತ್ತಿರುವವರ ಮುಖದ ಮೇಲಿಡಿ. ಹೇಳುವವರ ದನಿ ಹೇಗೂ ಸಿಗುತ್ತದೆ, ಅಲ್ವಾ? ಟ್ಯೂಬ್‌ಲೈಟ್ ಇರುವ ಕೋಣೆಯಾದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್. ಬೇರೆ ಲೆಕ್ಕ ಇಟ್ಟರೆ ಬೆಳಕು ಮಿಣುಕುವ ಸಾಧ್ಯತೆ ಜಾಸ್ತಿ.

ದುಡ್ಡು ಕಮ್ಮಿ ಇದ್ದರೆ ಕ್ಯಾಮೆರಾ ಬಿಟ್ಟು ಮೈಕಿಗೆ ಹಾಕಿ. ಇಬ್ಬರಿಗೂ ಒಂದೊಂದು ಕಾಲರ್ ಮೈಕ್, ಬೇರೆ ಬೇರೆ ಟ್ರ್ಯಾಕ್. ಯಾಕೆಂದರೆ ಇಬ್ಬರೂ ಒಟ್ಟಿಗೇ ಮಾತಾಡುತ್ತಾರೆ. ಫ್ಯಾನ್ ಆಫ್ ಮಾಡಲೇಬೇಕು, ಹಾಗಾಗಿ ಮೇ ತಿಂಗಳ ಮುಂಬಯಿ ಬೇಡ. ಜನವರಿಯ ಬೆಳಗ್ಗೆ ಒಳ್ಳೆಯದು. ಕೊನೆಗೆ ಯಾರೂ ಮಾತಾಡದೆ ಒಂದು ನಿಮಿಷ ಕೋಣೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಿ. ಮಾತು ಕತ್ತರಿಸಿ ಜೋಡಿಸಿದ ಕಡೆ ಅದನ್ನು ತುಂಬಬಹುದು. ಅದೇ ಹೊತ್ತಿಗೆ ಯಾರಾದರೂ ಕೆಮ್ಮುತ್ತಾರೆ, ಬೇಕಂತಲೇ.

ಮಾಟುಂಗಾ ಸ್ಟೇಷನ್ ಹತ್ತಿರ 1942ರಲ್ಲಿ ಶುರುವಾದ ರಾಮಾ ನಾಯಕರ ಬೋರ್ಡಿಂಗಿನಂಥ ಊಟದ ಹೋಟೆಲು ನೋಡಿದರೆ ಅಲ್ಲೇ ಮಾತಾಡಿಸುವ ಆಸೆ ಆಗುತ್ತದೆ. ಊಟದ ಹೊತ್ತಿನ ತಟ್ಟೆ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಮಾಲೀಕರನ್ನು ಕೇಳಿ ದೃಶ್ಯ ಮಾತ್ರ ತೆಗೆದುಕೊಳ್ಳಿ, ಮಾತು ಮನೆಯಲ್ಲಿ ಇರಲಿ. ಪ್ಲಾಟ್‌ಫಾರ್ಮಿನಲ್ಲಿ ಶೂಟಿಂಗ್ ಮಾಡುವುದಾದರೆ ಮೊದಲೇ ರೈಲ್ವೆಯ ಅನುಮತಿ ಪಡೆಯಿರಿ.

ಒಪ್ಪಿಗೆ ಬರಹದಲ್ಲಿ ಇರಲಿ. ಮೊದಲ ಎಡಿಟನ್ನು ಮಾತ್ರ ಇಬ್ಬರಿಗೂ ಬೇರೆ ಬೇರೆಯಾಗಿ ತೋರಿಸಿ. ಸಾಲದ ವಿಷಯ, ಮಕ್ಕಳ ಮನೆಯ ವಿಷಯ ತೆಗಿ ಅಂದರೆ ಮರುಮಾತಿಲ್ಲದೆ ತೆಗೆಯಿರಿ. ಹೊಟ್ಟೆ ದಪ್ಪ ಕಾಣ್ತದೆ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.