ನಾಲ್ಕು ತಿಂಗಳು ಹಡಗಿನಲ್ಲಿ, ಇವರ ಜೊತೆ

ಮದುವೆಯಾಗಿ ಮೂರು ವರ್ಷ ಆಗಿತ್ತು. ಒಂದು ದಿನ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದೆ. ನಾವಿಬ್ಬರೂ ಒಂದೇ ಮನೆಯಲ್ಲಿ ಇದ್ದದ್ದು ಬರೀ 13 ತಿಂಗಳು. ಇವರು ಸರಕು ಹಡಗಿನಲ್ಲಿ ಸೆಕೆಂಡ್ ಇಂಜಿನಿಯರ್. ಆರು ತಿಂಗಳು ನೀರಿನ ಮೇಲೆ, ಮೂರು ತಿಂಗಳು ಮಂಗಳೂರಿನ ಮನೆಯಲ್ಲಿ. ಹಡಗಿನಿಂದ ಫೋನ್ ಬಂದಾಗ ‘ಇವತ್ತು ಏನಾಯ್ತು?’ ಅಂತ ಕೇಳಿದರೆ ಯಾವಾಗಲೂ ಒಂದೇ ಉತ್ತರ. ‘ಏನಿಲ್ಲ, ಮಾಮೂಲಿ.’

ಆ ಮಾಮೂಲಿ ಏನು ಅಂತ ಕಣ್ಣಾರೆ ನೋಡಬೇಕು ಅನ್ನಿಸಿತ್ತು. ಶಾಲೆಯ ಕೆಲಸ ಬಿಟ್ಟೆ. 2017ರ ಅಕ್ಟೋಬರ್‌ನಲ್ಲಿ ಹೊರಟೆ.

ಹೆಂಡತಿಯನ್ನು ಕರೆದುಕೊಂಡು ಹೋಗಲು ಎಲ್ಲರಿಗೂ ಬಿಡುವುದಿಲ್ಲ. ಇವರ ಕಂಪನಿಯಲ್ಲಿ ಆಗ ಕ್ಯಾಪ್ಟನ್, ಚೀಫ್ ಆಫೀಸರ್, ಚೀಫ್ ಇಂಜಿನಿಯರ್, ಸೆಕೆಂಡ್ ಇಂಜಿನಿಯರ್, ಈ ನಾಲ್ವರಿಗೆ ಮಾತ್ರ ಅವಕಾಶ ಇತ್ತು. ಅದೂ ಲೈಫ್‌ಬೋಟಿನಲ್ಲಿ ಸೀಟು ಉಳಿದಿದ್ದರೆ. ನಮ್ಮ ಹಡಗಿನ ಲೈಫ್‌ಬೋಟಿನಲ್ಲಿ 25 ಸೀಟು, ಸಿಬ್ಬಂದಿ 22. ಹಾಗಾಗಿ ನನಗೆ ಜಾಗ ಸಿಕ್ಕಿತು. ಹಡಗು ಹೋಗುವ ದಾರಿಯನ್ನೂ ನೋಡುತ್ತಾರೆ. ಸೊಮಾಲಿಯಾ ಕಡೆಯ ಕಡಲ್ಗಳ್ಳರ ಭಯದಿಂದ ಏಡನ್ ಕೊಲ್ಲಿ ದಾಟುವ ಹಡಗಿಗೆ ಕುಟುಂಬವನ್ನು ಬಿಡುತ್ತಿರಲಿಲ್ಲ. ನಮ್ಮದು ಪೆಸಿಫಿಕ್ ಕಡೆ ಓಡುವ ಹಡಗು, ಬಚಾವಾದೆವು. ನಾವಿಕರ ಹಕ್ಕುಗಳ ಬಗ್ಗೆ 2006ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಈ ವಿಷಯವೂ ಇದೆ. ಅನುಕೂಲ ಇದ್ದಾಗ ಸಂಗಾತಿಯನ್ನು ಆಗೊಮ್ಮೆ ಈಗೊಮ್ಮೆ ಜೊತೆಗೆ ಬರಲು ಬಿಡುವ ಬಗ್ಗೆ ಯೋಚಿಸಬೇಕು, ಅವರಿಗೆ ಸರಿಯಾದ ವಿಮೆ ಇರಬೇಕು ಅಂತ. ಭಾರತ ಅದನ್ನು 2015ರಲ್ಲಿ ಒಪ್ಪಿಕೊಂಡಿದೆ. ಆದರೆ ಅದು ಸಲಹೆ ಅಷ್ಟೇ, ಹಕ್ಕಲ್ಲ. ಕೊನೆಯ ಮಾತು ಕಂಪನಿಯದ್ದು.

ಕಾಗದಪತ್ರಕ್ಕೆ ಎರಡು ತಿಂಗಳು ಬೇಕಾಯಿತು. ಹಡಗು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ, ಅದೇ ದೊಡ್ಡ ತಲೆನೋವು. ಸರಕು ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗುತ್ತದೆ. ಅದಕ್ಕೆ ಅಮೆರಿಕಕ್ಕೆ ಭೇಟಿ ಕೊಡುವವರ ಬಿ1/ಬಿ2 ವೀಸಾ ಮೊದಲೇ ಮಾಡಿಸಿಕೊಳ್ಳಿ. ನಾನು ಚೆನ್ನೈಗೆ ಹೋಗಿ ಬಂದೆ. ಆಸ್ಟ್ರೇಲಿಯಾಕ್ಕೆ ಮ್ಯಾರಿಟೈಮ್ ಕ್ರೂ ವೀಸಾ ಅಂತ ಬೇರೆಯೇ ಇದೆ. ನಾವಿಕರ ಹೆಂಡತಿಗೂ ಅದು ನಡೆಯುತ್ತದೆ, ಶುಲ್ಕ ಇಲ್ಲ. ಆಫ್ರಿಕಾ, ದಕ್ಷಿಣ ಅಮೆರಿಕ ಕಡೆ ಹಡಗು ತಿರುಗಿದರೆ ಇರಲಿ ಅಂತ ಯೆಲ್ಲೋ ಫೀವರ್ ಲಸಿಕೆ ಹಾಕಿಸಿಕೊಂಡೆ. 2016ರಿಂದ ಆ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತದೆ. ಇನ್ನು ಮೆಡಿಕಲ್. ಗರ್ಭಿಣಿ ಅಲ್ಲ ಅನ್ನುವ ಟೆಸ್ಟ್. ಏನಾದರೂ ಆದರೆ ಕಂಪನಿ ಹೊಣೆಯಲ್ಲ ಅನ್ನುವ ಪತ್ರಕ್ಕೆ ಸಹಿ. ಆ ಪತ್ರ ಓದುವಾಗ ಅಮ್ಮ ಪಕ್ಕದಲ್ಲೇ ಕೂತಿದ್ದಳು, ಮಾತಾಡಲಿಲ್ಲ.

ನಾನು ಕುಮಟಾದವಳು. ಹುಟ್ಟಿದಾಗಿನಿಂದ ಸಮುದ್ರ ನೋಡಿದ್ದೇನೆ. ಆದರೆ ನೋಡಿದ್ದೆಲ್ಲ ದಡದಿಂದ. ಸಿಂಗಾಪುರದಲ್ಲಿ ಸಣ್ಣ ಲಾಂಚ್ ಹತ್ತಿ ಲಂಗರು ಹಾಕಿದ್ದ ಹಡಗಿನ ಹತ್ತಿರ ಹೋದಾಗ ಎದೆ ಡವಗುಟ್ಟಿತು. 190 ಮೀಟರ್ ಉದ್ದದ ಬಲ್ಕ್ ಕ್ಯಾರಿಯರ್, ಅಂದರೆ ಕಲ್ಲಿದ್ದಲು, ಧಾನ್ಯದಂಥ ಸರಕನ್ನು ಮೂಟೆ ಕಟ್ಟದೆ ಹಾಗೇ ಸುರಿದು ಒಯ್ಯುವ ಹಡಗು. ಅದರ ಮೈಗೆ ಅಂಟಿಸಿದ ಹಾಗೆ ಒಂದು ಏಣಿ. ಲಾಂಚ್ ಮೇಲೆ ಕೆಳಗೆ ಆಡುತ್ತಿರುತ್ತದೆ. ಅದು ಮೇಲಕ್ಕೆ ಬಂದ ಕ್ಷಣದಲ್ಲೇ ಏಣಿಗೆ ಕಾಲಿಡಬೇಕು. ಸೀರೆ, ಚೂಡಿದಾರ್ ಬೇಡವೇ ಬೇಡ. ಜೀನ್ಸ್, ಗಟ್ಟಿ ಶೂ ಹಾಕಿಕೊಳ್ಳಿ. ಎರಡೂ ಕೈ ಖಾಲಿ ಇರಲಿ.

ಕ್ರೂ ಲಿಸ್ಟಿನ ಕೊನೆಯಲ್ಲಿ ನನ್ನ ಹೆಸರು ಬಂತು. ಹುದ್ದೆಯ ಜಾಗದಲ್ಲಿ ‘ಸೂಪರ್‌ನ್ಯೂಮರರಿ’ ಅಂತ ಬರೆದಿತ್ತು. ಅಂದರೆ ಹೆಚ್ಚುವರಿ. ಆ ಪದ ಮನಸ್ಸಿನಲ್ಲಿ ತುಂಬಾ ದಿನ ಕೂತಿತ್ತು.

ಮೊದಲ ಮೂರು ದಿನ ವಾಂತಿ. ಅವೊಮಿನ್ ಮಾತ್ರೆ, ಒಣ ಟೋಸ್ಟ್, ಶುಂಠಿ ಚೂರು. ಕ್ಯಾಬಿನ್ನಿನಲ್ಲಿ ಮಲಗಿದಷ್ಟೂ ಜಾಸ್ತಿ ಆಗುತ್ತದೆ. ಹೊರಗೆ ಬಂದು ದೂರದ ದಿಗಂತ ನೋಡುತ್ತಾ ನಿಂತರೆ ಕಡಿಮೆಯಾಗುತ್ತದೆ. ನಾಲ್ಕನೇ ದಿನ ಹಸಿವಾಯಿತು. ಅನ್ನ, ಸಾರು, ಮನೆಯಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ. ಅವತ್ತಿನ ಊಟದ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಹಡಗು ಏರಿದ ದಿನವೇ ಮಸ್ಟರ್ ಸ್ಟೇಷನ್ ತೋರಿಸಿದರು, ಅಪಾಯ ಬಂದಾಗ ಎಲ್ಲರೂ ಸೇರುವ ಜಾಗ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಗಂಟೆ ಹೊಡೆದರೆ ಎಲ್ಲಿದ್ದರೂ ಲೈಫ್‌ಜಾಕೆಟ್ ಹಾಕಿಕೊಂಡು ಅಲ್ಲಿಗೆ ಓಡಬೇಕು. ಡ್ರಿಲ್ ಇದ್ದ ದಿನ ನಾನು ಒಂದು ಸಲವೂ ತಪ್ಪಿಸಲಿಲ್ಲ. ಲೈಫ್‌ಬೋಟಿನಲ್ಲಿ ನನ್ನ ಸೀಟು ಎಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಹೋಗುವಷ್ಟು ಅಭ್ಯಾಸ ಮಾಡಿಕೊಂಡೆ. ನಾನು ಗೊಂದಲ ಮಾಡಿಕೊಂಡರೆ ಇವರು ತಮ್ಮ ಕೆಲಸ ಬಿಟ್ಟು ನನ್ನನ್ನು ಹುಡುಕಬೇಕಾಗುತ್ತದೆ, ಅಲ್ವಾ?

ಆ ವರ್ಷ ದೀಪಾವಳಿಗೆ ನಾವು ಆಸ್ಟ್ರೇಲಿಯಾದ ದಾರಿಯಲ್ಲಿದ್ದೆವು. ಹಡಗಿನಲ್ಲಿ ದೀಪ ಹಚ್ಚುವಂತಿಲ್ಲ, ಊದುಬತ್ತಿಯೂ ಇಲ್ಲ. ಅಡುಗೆಮನೆಯಲ್ಲಿ ಕೂಡ ಗ್ಯಾಸ್ ಇರುವುದಿಲ್ಲ, ಕರೆಂಟಿನ ಹಾಟ್ ಪ್ಲೇಟ್. ಇಲೆಕ್ಟ್ರಿಕಲ್ ಆಫೀಸರ್ ಹಳೆಯ ಪ್ಯಾನೆಲ್ ದೀಪಗಳನ್ನು ತಂತಿಗೆ ಪೋಣಿಸಿ ಮೆಸ್‌ನಲ್ಲಿ ತೂಗುಹಾಕಿದರು. ನಾನು ಚೀಫ್ ಕುಕ್‌ನ ಅನುಮತಿ ಕೇಳಿ ಅವಲಕ್ಕಿ ಒಗ್ಗರಣೆ ಹಾಕಿದೆ, ರವೆ ಉಂಡೆ ಕಟ್ಟಿದೆ. ಕೇಳದೆ ಗ್ಯಾಲಿಗೆ, ಅಂದರೆ ಹಡಗಿನ ಅಡುಗೆಮನೆಗೆ, ಕಾಲಿಡಬಾರದು, ಅದು ಕುಕ್‌ನ ಮನೆ ಇದ್ದ ಹಾಗೆ.

22 ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ಎಲ್ಲರೂ ‘ಭಾಭೀಜಿ’ ಅಂತ ಕರೆಯುತ್ತಿದ್ದರು. ಒಂದು ದಿನವೂ ನನಗೆ ಮುಜುಗರ ಆಗಲಿಲ್ಲ. ಆದರೆ ಒಂದು ವಿಷಯ ನಾನೇ ಕಲಿತುಕೊಂಡೆ. ಊಟದ ಹೊತ್ತಿನಲ್ಲಿ ಫಿಟರ್ ನನಗೆ ಮಗಳ ಫೋಟೋ ತೋರಿಸಿದರು. ಅವಳು ಹುಟ್ಟಿ ಐದು ತಿಂಗಳು. ಅವರು ಹಡಗು ಏರಿ ಏಳು ತಿಂಗಳು. ಇನ್ನೂ ಮಗುವನ್ನು ಎತ್ತಿಕೊಂಡಿಲ್ಲ. ಅವತ್ತಿನಿಂದ ನಾವಿಬ್ಬರೂ ಎಲ್ಲರ ಎದುರಿಗೆ ಕೈ ಹಿಡಿದು ನಡೆಯುವುದನ್ನು ಬಿಟ್ಟೆವು. ಮೆಸ್‌ನಲ್ಲಿ ಎಲ್ಲರ ಜೊತೆ ಕೂತೆವು. ಹಡಗಿಗೆ ಹೋಗುವ ಹೆಂಡತಿ ಇದನ್ನು ನೆನಪಿಟ್ಟುಕೊಳ್ಳಲೇಬೇಕು. ನಮ್ಮನ್ನು ನೋಡಿದಾಗಲೆಲ್ಲ ಅವರಿಗೆ ತಮ್ಮ ಮನೆ ನೆನಪಾಗುತ್ತದೆ.

ಹಗಲು ತುಂಬಾ ಉದ್ದ. ಇವರು ಬೆಳಗ್ಗೆ ಏಳೂವರೆಗೆ ಇಂಜಿನ್ ರೂಮಿಗೆ ಇಳಿದರೆ ಮೇಲೆ ಬರುವುದು ಸಂಜೆ ಐದಕ್ಕೆ. ಕೆಲಸ ಇದ್ದರೆ ಇನ್ನೂ ತಡ. ಸುಮ್ನೆ ಕೂತರೆ ತಲೆ ಕೆಡುತ್ತದೆ. ಓದಲು ಪುಸ್ತಕ ಒಯ್ದಿದ್ದೆ, ಅದು ಒಂದು ತಿಂಗಳಲ್ಲಿ ಮುಗಿಯಿತು. ಆಮೇಲೆ ಕ್ಯಾಪ್ಟನ್ ಅನುಮತಿಯಿಂದ ದಿನಕ್ಕೆ ಒಂದು ಗಂಟೆ ಹಡಗು ನಡೆಸುವ ಕೋಣೆಯಾದ ಬ್ರಿಜ್‌ಗೆ ಹೋದೆ. ಥರ್ಡ್ ಆಫೀಸರ್ ನನಗೆ ಚಾರ್ಟ್ ಓದಲು, ಅಕ್ಷಾಂಶ ರೇಖಾಂಶ ಗುರುತು ಹಾಕಲು ಕಲಿಸಿದರು. ಕ್ಯಾಪ್ಟನ್ ಅಲ್ಲೇ ಒಂದು ಕಥೆ ಹೇಳಿದರು, ನಿಜವಾಗಿ ನಡೆದದ್ದು. 1856ರಲ್ಲಿ ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ‘ನೆಪ್ಚೂನ್ಸ್ ಕಾರ್’ ಅನ್ನುವ ಹಾಯಿ ಹಡಗು. ಕ್ಯಾಪ್ಟನ್ ಕಾಯಿಲೆ ಬಿದ್ದ. ಅವನ ನಂತರದ ಅಧಿಕಾರಿ, ಮೊದಲ ಮೇಟ್, ಬಂಧನದಲ್ಲಿದ್ದ. ಆಗ ಕ್ಯಾಪ್ಟನ್‌ನ ಹೆಂಡತಿ ಮೇರಿ ಪ್ಯಾಟನ್ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಬಳಸಿ ಹಡಗನ್ನು ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿಸಿದಳು. ವಯಸ್ಸು 19, ಬಸುರಿ. ಹಿಂದಿನ ಪ್ರಯಾಣದಲ್ಲಿ ಗಂಡನ ಜೊತೆ ಹೋದಾಗ ದಾರಿ ಲೆಕ್ಕ ಹಾಕುವುದನ್ನು ಕಲಿತಿದ್ದಳಂತೆ. ಇದನ್ನು ಕೇಳಿದ ಮೇಲೆ ‘ಹೆಚ್ಚುವರಿ’ ಅನ್ನುವ ಪದ ನನ್ನನ್ನು ಅಷ್ಟು ಚುಚ್ಚಲಿಲ್ಲ.

ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಕಲ್ಲಿದ್ದಲು ತುಂಬಿದರು. ನಾವಿಕರಿಗೆ ನೆರವಾಗುವ ಮಿಷನ್ ಟು ಸೀಫೇರರ್ಸ್‌ನ ವ್ಯಾನಿನಲ್ಲಿ ಊರಿಗೆ ಹೋಗಿ ಬಂದೆವು. ನೆಲದ ಮೇಲೆ ನಡೆದದ್ದು ಅಲ್ಲಿ ಐದು ಗಂಟೆ, ಆಮೇಲೆ ಜಪಾನ್‌ನಲ್ಲಿ ಮೂರು ಗಂಟೆ. ವಿದೇಶ ಸುತ್ತಬಹುದು ಅನ್ನುವ ಆಸೆಯಿಂದ ಹಡಗು ಏರಬೇಡಿ.

ಜಪಾನ್‌ನಲ್ಲಿ ಕಲ್ಲಿದ್ದಲು ಇಳಿಸಿದ ಮೇಲೆ ಹೊಸ ಆದೇಶ ಬಂತು. ಅಮೆರಿಕದ ಕೊಲಂಬಿಯಾ ನದಿಗೆ ಹೋಗಿ ಗೋಧಿ ತುಂಬಬೇಕು. ಕಲ್ಲಿದ್ದಲು ತುಂಬಿದ್ದ ಹೊಟ್ಟೆಗೆ ಗೋಧಿ! ಸರಕು ತುಂಬುವ ಐದು ಹೋಲ್ಡ್‌ಗಳನ್ನೂ ಊಟದ ತಟ್ಟೆಯ ಹಾಗೆ ತೊಳೆಯಬೇಕು. ಮೊದಲು ಸಮುದ್ರದ ನೀರು, ಆಮೇಲೆ ಸಿಹಿನೀರು. ಬಂದರಿನಲ್ಲಿ ತಪಾಸಣೆಯವರು ಇಳಿದು ಮೂಲೆ ಮೂಲೆ ನೋಡುತ್ತಾರೆ, ಬಿಳಿ ಬಟ್ಟೆಯಲ್ಲಿ ಒರೆಸಿ ನೋಡುವವರೂ ಇದ್ದಾರೆ. ಅಲ್ಲಿ ಫೇಲಾದರೆ ಹಡಗು ದುಡಿಮೆ ಇಲ್ಲದೆ ನಿಲ್ಲುತ್ತದೆ. ಸಮುದ್ರ ಸ್ವಲ್ಪ ಶಾಂತವಾದ ದಿನಗಳಲ್ಲೆಲ್ಲ ಡೆಕ್ ಕೆಲಸಗಾರರ ಮೇಸ್ತ್ರಿ ಬೋಸನ್ ಮತ್ತು ಅವರ ಹುಡುಗರು ಬೆಳಗಿನಿಂದ ಕತ್ತಲಾಗುವವರೆಗೆ ಒಳಗಿದ್ದರು. ಮೇಲೆ ಬಂದಾಗ ಕಣ್ಣು, ಹಲ್ಲು ಬಿಟ್ಟರೆ ಎಲ್ಲಾ ಕಪ್ಪು. ನಾನು ಕುಕ್ ಜೊತೆ ಶುಂಠಿ ಚಹಾ ಮಾಡಿ ಫ್ಲಾಸ್ಕಿಗೆ ತುಂಬಿ ಕೊಡುತ್ತಿದ್ದೆ. ನನ್ನಿಂದ ಆದದ್ದು ಅಷ್ಟೇ.

ಪೂರ್ವಕ್ಕೆ ಹೋಗುವಾಗ ಪೆಸಿಫಿಕ್ ನಡುವಿನ ದಿನಾಂಕ ರೇಖೆ ದಾಟಿದೆವು. ಆ ಕಡೆ ದಾಟಿದರೆ ಕ್ಯಾಲೆಂಡರ್ ಒಂದು ದಿನ ಹಿಂದೆ ಸರಿಯುತ್ತದೆ. ಡಿಸೆಂಬರ್ 19 ಎರಡು ಸಲ ಬಂತು. ಅದರ ಮರುದಿನದಿಂದಲೇ ಉತ್ತರ ಪೆಸಿಫಿಕ್ ಕೆರಳಿತು. ಹಡಗು ಖಾಲಿ, ಹಾಗಾಗಿ ಹೊಯ್ದಾಟ ಜಾಸ್ತಿ. ಇವರು ನನಗೆ ಮಲಗುವ ಉಪಾಯ ಹೇಳಿಕೊಟ್ಟರು. ಹಾಸಿಗೆಯ ಹೊರ ಅಂಚಿನ ಕೆಳಗೆ ಲೈಫ್‌ಜಾಕೆಟ್ ತುರುಕಬೇಕು. ಹಾಸಿಗೆ ದೋಣಿಯ ಹಾಗೆ ಗೋಡೆಯ ಕಡೆ ವಾಲುತ್ತದೆ, ನಾವು ಉರುಳಿ ಬೀಳುವುದಿಲ್ಲ.

ಆ ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರವಾಯಿತು. ಯಾವ ಸದ್ದಿಗೂ ಅಲ್ಲ. ಸದ್ದು ನಿಂತು ಹೋದದ್ದಕ್ಕೆ. ಎರಡು ತಿಂಗಳಿನಿಂದ ಗೋಡೆಯಲ್ಲಿ, ದಿಂಬಿನಲ್ಲಿ, ಹಲ್ಲಿನಲ್ಲಿ ಗುಂಯ್‌ಗುಡುತ್ತಿದ್ದ ಇಂಜಿನ್ ಸತ್ತಿತ್ತು. ಏಸಿ ಇಲ್ಲ. ದೀಪ ಇಲ್ಲ. ಇವರು ಆಗಲೇ ಎದ್ದಿದ್ದರು. ಬಾಯ್ಲರ್ ಸೂಟ್ ಯಾವಾಗಲೂ ಬಾಗಿಲ ಹಿಂದಿನ ಕೊಕ್ಕೆಯಲ್ಲಿ ಇರುತ್ತದೆ. ಕತ್ತಲಲ್ಲೇ ಕಾಲು ತೂರಿಸಿದರು. ‘ಹಾಸಿಗೆ ಬಿಟ್ಟು ಏಳಬೇಡ. ಇನ್ನೊಂದು ಲೈಫ್‌ಜಾಕೆಟ್ ಪಕ್ಕದಲ್ಲಿ ಇಟ್ಟುಕೋ.’ ಅಷ್ಟೇ. ಹೋದರು.

ಎಮರ್ಜೆನ್ಸಿ ಜನರೇಟರ್ 45 ಸೆಕೆಂಡಿನ ಒಳಗೆ ಶುರುವಾಗಬೇಕು ಅನ್ನುವುದು ನಿಯಮ. ಡ್ರಿಲ್‌ನಲ್ಲಿ ಕೇಳಿದ್ದೆ. ಬಾಯಿಬಿಟ್ಟು ಎಣಿಸಿದೆ. ಇಪ್ಪತ್ತೆಂಟಕ್ಕೆ ಹೊರಗಿನ ಓಣಿಯಲ್ಲಿ ದೀಪ ಬಂತು. ಆದರೆ ಇಂಜಿನ್ ಬರಲಿಲ್ಲ. ಇಂಜಿನ್ ಇಲ್ಲದ ಹಡಗು ಅಲೆಗೆ ಅಡ್ಡ ತಿರುಗುತ್ತದೆ. ಡ್ರಾಯರ್‌ಗಳು ಬಿಚ್ಚಿಕೊಂಡವು. ಕುರ್ಚಿ ಆ ಗೋಡೆಯಿಂದ ಈ ಗೋಡೆಗೆ ಬಡಿಯಿತು. ನಾನು ಗಣಪತಿಯ ಹೆಸರು ಹೇಳುತ್ತಾ ಮಂಚದ ಕಂಬಿ ಹಿಡಿದು ಕೂತೆ. ಸುಮಾರು 40 ನಿಮಿಷದ ಮೇಲೆ ಆ ಗುಂಯ್ ಸದ್ದು ಮತ್ತೆ ಬಂತು. ಆಗ ಅಳು ಬಂತು.

ಇವರು ಮೇಲೆ ಬಂದದ್ದು ಬೆಳಗ್ಗೆ ಎಂಟೂವರೆಗೆ. ಹೊಯ್ದಾಟಕ್ಕೆ ಇಂಧನ ಟ್ಯಾಂಕಿನ ತಳದ ಕೆಸರು ಕದಡಿತ್ತು. ಅದು ಫಿಲ್ಟರಿಗೆ ಕಟ್ಟಿಕೊಂಡು ಜನರೇಟರ್ ನಿಂತಿತ್ತು. ಅದರ ಹಿಂದೆಯೇ ಪಂಪುಗಳು, ಅದರ ಹಿಂದೆ ಮೇನ್ ಇಂಜಿನ್. ಮತ್ತೆ ನಿಲ್ಲಬಾರದು ಅಂತ ಬೆಳಗಿನವರೆಗೂ ಫಿಲ್ಟರ್ ಬಿಚ್ಚಿ ತೊಳೆದು ಹಾಕಿದ್ದರಂತೆ. ನಾನು ಅವರ ಕೈ ನೋಡಿದೆ. ಉಗುರಿನ ಸಂದಿಯಲ್ಲೆಲ್ಲ ಕರಿ ಎಣ್ಣೆ. ಬಲಗೈಯ ಎರಡು ಗೆಣ್ಣು ಸುಲಿದು ರಕ್ತ ಹೆಪ್ಪುಗಟ್ಟಿತ್ತು. ಯಾವಾಗ ತಾಗಿತು ಅಂತ ಅವರಿಗೇ ಗೊತ್ತಿಲ್ಲ. ಬಿಸಿನೀರಿನಲ್ಲಿ ಒರೆಸಿ ಔಷಧಿ ಹಚ್ಚಿದೆ. ಹಚ್ಚುವಷ್ಟರಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದರು.

ಅವತ್ತು ಸಂಜೆ ಸ್ಯಾಟಲೈಟ್ ಫೋನಿನಲ್ಲಿ ಅತ್ತೆಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ಅತ್ತೆ ಹೇಗಿದ್ದೀರಿ ಅಂತ ಕೇಳಿದ್ದಿರಬೇಕು. ಇವರು ಬ್ಯಾಂಡೇಜ್ ಸುತ್ತಿದ ಕೈಯಲ್ಲಿ ಫೋನ್ ಹಿಡಿದುಕೊಂಡು ಹೇಳಿದರು. ‘ಏನಿಲ್ಲ ಅಮ್ಮ, ಮಾಮೂಲಿ.’ ಆಮೇಲೆ ಫೋನ್ ನನ್ನ ಕೈಗೆ ಬಂತು. ನಾನೂ ಅದನ್ನೇ ಹೇಳಿದೆ.

ಹೋಲ್ಡ್‌ಗಳು ಒಂದೇ ಸಲಕ್ಕೆ ಪಾಸಾದವು. ಬೋಸನ್ ಆ ರಾತ್ರಿ ಹನ್ನೆರಡು ಗಂಟೆ ನಿದ್ದೆ ಮಾಡಿದರು. ಗೋಧಿ ತುಂಬಿಕೊಂಡು ಫಿಲಿಪೀನ್ಸ್ ಕಡೆ ಹೊರಟೆವು. ಪಶ್ಚಿಮಕ್ಕೆ ಹೋಗುವಾಗ ದಿನಾಂಕ ರೇಖೆ ಒಂದು ದಿನ ನುಂಗಿತು. ಜನವರಿ 13ರಂದು ಮಲಗಿ 15ರಂದು ಎದ್ದೆವು. ಆ ವರ್ಷ ನಮಗೆ ಸಂಕ್ರಾಂತಿಯೇ ಬರಲಿಲ್ಲ. ಆದರೂ ಎಳ್ಳು ಬೆಲ್ಲ ತೆಗೆದಿಟ್ಟಿದ್ದೆ, ಎಲ್ಲರಿಗೂ ಒಂದೊಂದು ಚಮಚ ಹಂಚಿದೆ. ಫೆಬ್ರವರಿಯಲ್ಲಿ ಮನಿಲಾದಲ್ಲಿ ಸೈನ್ ಆಫ್ ಮಾಡಿ, ಅಂದರೆ ಹಡಗಿನಿಂದ ಇಳಿದು, ನಾನೊಬ್ಬಳೇ ವಿಮಾನ ಹತ್ತಿದೆ. ಇವರ ಕಾಂಟ್ರಾಕ್ಟ್ ಇನ್ನೂ ಎರಡು ತಿಂಗಳಿತ್ತು. ಮಂಗಳೂರಿನ ಮನೆಯಲ್ಲಿ ಮೊದಲ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮನೆ ತೀರಾ ನಿಶ್ಶಬ್ದವಾಗಿತ್ತು.

ಈಗಲೂ ಇವರು ಹಡಗಿನಿಂದ ಫೋನ್ ಮಾಡುತ್ತಾರೆ. ಈಗಲೂ ‘ಮಾಮೂಲಿ’ ಅನ್ನುತ್ತಾರೆ. ನಾನು ಬಿಡುವುದಿಲ್ಲ. ‘ರಾತ್ರಿ ಅಲಾರಂ ಎಷ್ಟು ಸಲ ಬಂತು? ಫಿಲ್ಟರ್ ಯಾವಾಗ ಬಿಚ್ಚಿದಿರಿ? ಎರಡನೇ ಜನರೇಟರ್ ಸರಿಹೋಯ್ತಾ?’ ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಇವರು ಹೇಳಲು ಶುರು ಮಾಡುತ್ತಾರೆ.