ಸೇಠಜಿ ಜೊತೆ ಎರಡು ಪುಸ್ತಕ

"ಇಬ್ಬರು ಕೂಡಿ ಪುಸ್ತಕ ಬರಿಯೂದಂದ್ರ ಒಂದ ಕುರ್ಚಿ ಮ್ಯಾಲ ಇಬ್ಬರು ಕುಂತಂಗ" ಎಂದು ಧಾರವಾಡದ ಗೆಳೆಯರು ನಕ್ಕಿದ್ದರು. ಎರಡನೇ ಪುಸ್ತಕದ ಸ್ಟಾಕು ಹೋದ ತಿಂಗಳು ಖಾಲಿ ಆಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲನೆಯದು ಹುಬ್ಬಳ್ಳಿ ಪೇಟೆಯ ಕಥೆ. ಬೇರೆ ಬೇರೆ ಮನೆಮಾತಿನವರು ಕೂಡಿ ಪಾಲುದಾರಿಕೆ ಹೇಗೆ ನಡೆಸಿದರು ಅನ್ನೋದು. ಬರೆಯಲು ನನ್ನ ಜೊತೆಗಾರರು ಅರಳೆ ವ್ಯಾಪಾರವನ್ನು ಮಗನಿಗೆ ಒಪ್ಪಿಸಿ ಕೂತ ಸೇಠಜಿ. ಮನೆಯಲ್ಲಿ ಗುಜರಾತಿ, ಪೇಟೆಯಲ್ಲಿ ನನಗಿಂತ ಚಲೋ ಕನ್ನಡ.

ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿ, ಮನೆಗೆ ಹೋಗಿ ಚೆಂದ ಮಾಡಿ ಏಳು ಅಧ್ಯಾಯ ಬರೆದೆ. ಎರಡು ಪುಟ ಕೇಳಿ ಸೇಠಜಿ ತಡೆದರು: "ಮಾಸ್ತರ, ಈ ಮನಷ್ಯಾ ಯಾರ್ರೀ? ನಾ ಅಂತೂ ಅಲ್ಲ." ಕಂಪ್ಯೂಟರಿನಲ್ಲಿ ಪುಟ ಜೋಡಿಸೋ ಡಿಟಿಪಿಗೆ ಕೊಟ್ಟ ಆರು ಸಾವಿರ ನೀರಿಗೆ ಹೋಯಿತು. ಆಮೇಲೆ ಒಂದು ಅಧ್ಯಾಯ ಅವರದು, ಒಂದು ನನ್ನದು ಎಂದು ಮಾಡಿದೆವು. ಎರಡು ಪುಸ್ತಕ ಸೇರಿಸಿ ಹೊಲಿದಂತೆ ಕಂಡಿತು.

ವಾಯ್ಸ್ ಟೈಪಿಂಗನ್ನೂ ನೋಡಿದೆ ಸುಮ್ನೆ. ಸೇಠಜಿ ಬಾಯಲ್ಲಿ ಅರಳೆ 'ಅರಳಿ' ಆಗುತ್ತದೆ. ಫೋನು ಪುಟದ ತುಂಬ ಅರಳಿ ಮರ ನೆಟ್ಟಿತ್ತು.

ಕೊನೆಗೆ ಕೈಹಿಡಿದದ್ದು ಇದು. ಬರೆದ ಪುಟವನ್ನು ಮರುದಿನ ಅವರ ಗಾದಿ ಮೇಲೇ ಕೂತು ಓದುವುದು. ಅವರು ಎಲ್ಲಿ ಅಡ್ಡ ಬಾಯಿ ಹಾಕುತ್ತಾರೋ ಆ ಮಾತನ್ನು ಅಲ್ಲೇ, ಹಾಗೇ ಸೇರಿಸುವುದು. ಉದ್ರಿ ಕೊಡೋದು ನಂಬಿಕೆಯಿಂದ ಎಂದು ಬರೆದಿದ್ದೆ. "ನಂಬಿಗಿ ಖರೇ, ಆದ್ರ ಉದ್ರಿ ರೇಟ ಬ್ಯಾರೆ, ರೋಖ ರೇಟ ಬ್ಯಾರೆ" ಅಂದರು. ನನ್ನ ಮಾತು, ಅವರ ಮಾತು, ಎರಡೂ ಆ ಪುಸ್ತಕದಲ್ಲಿವೆ. ಮುರಿದುಬಿದ್ದ ಪಾಲುದಾರಿಕೆಯ ಬಗ್ಗೆ ಅವರ ಬಾಯಿ ಹೇಗೆ ಬಿಡಿಸಿದೆ ಅನ್ನೋದನ್ನು ಮಾತ್ರ ಹೇಳೋದಿಲ್ಲ. ಪೇಢೆಯಿಂದ ಆಗಲಿಲ್ಲ, ಅಷ್ಟು ಹೇಳಬಲ್ಲೆ.

ಆ ಮೊದಲ ಪುಸ್ತಕದ ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಡೆಮಿ ಸೈಜು, 208 ಪುಟ, 500 ಪ್ರತಿ, ಗದಗದಲ್ಲಿ ಮುದ್ರಣ, ಎಲ್ಲಾ ಸೇರಿ 52 ಸಾವಿರದ ಹತ್ತಿರ. ಸುಮಾರು 300 ಪ್ರತಿ ಅಂಗಡಿಗಳಿಗೆ ಕೊಟ್ಟೆ, ಅರ್ಧದಷ್ಟರ ದುಡ್ಡು ಬಂತು. ಗೌರವ ಪ್ರತಿ ನೂರರ ಮೇಲೆ ಹೋದವು, ಅದು ನನ್ನ ದಡ್ಡತನ. 14 ಸಾವಿರ ಕೈಯಿಂದ ಹೋಯಿತು.

ಎರಡನೆಯದು ಧಾರವಾಡದ ಸಾಹಿತಿಗಳ ಗೆಳೆತನ. ಬೇಂದ್ರೆಯವರ ಮನೆಮಾತು ಮರಾಠಿ, ಕಾರ್ನಾಡರದು ಕೊಂಕಣಿ, ಇಬ್ಬರೂ ಬರೆದದ್ದು ಕನ್ನಡದಲ್ಲಿ. ಬೇಂದ್ರೆಯವರ ಗೆಳೆಯರ ಗುಂಪು, ಸಾಹಿತಿಗಳು ಕೂಡುತ್ತಿದ್ದ ಪ್ರಕಾಶಕ ಜಿ.ಬಿ. ಜೋಶಿಯವರ ಅಟ್ಟ ಎಂದು ನಾನು ಭಕ್ತಿಯಿಂದ ಓದುತ್ತಿದ್ದೆ. ಸೇಠಜಿ ಕೇಳಿದ್ದು ಒಂದೇ: "ಚಹಾದ ಬಿಲ್ ಯಾರು ಕೊಡತಿದ್ರು? ಪುಸ್ತಕಾ ಖರ್ಚಾಗಲಿಲ್ಲಂದ್ರ ಲುಕ್ಸಾನ ಯಾರದು?" ಇಷ್ಟು ವರ್ಷ ಓದಿಯೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಪುಸ್ತಕ ನಿಂತದ್ದೇ ಅದರ ಮೇಲೆ. 1933ರಲ್ಲಿ ಶುರುವಾದ ಜೋಶಿಯವರ ಪ್ರಕಾಶನ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಕೊಂಡು ಬೆಳೆದದ್ದು ಎಂದಾಗ ಸೇಠಜಿ ತೊಡೆ ತಟ್ಟಿದರು. "ಮತ್ತ ನೀವ್ಯಾಕ ಅಂಗಡಿ ಅಂಗಡಿ ತಿರಗತೀರಿ?"

ನಾವೂ ಓದುಗರಿಂದ ಮುಂಗಡ ತಗೊಂಡೆವು. 180ರಂತೆ 260 ಜನ ಕೊಟ್ಟರು, ಅದರಲ್ಲಿ ಪೇಟೆಯಲ್ಲಿ ಕಮಿಷನ್ ಮೇಲೆ ಮಾಲು ಮಾರಿಸಿಕೊಡೋ ಅಡತಿ ಅಂಗಡಿಯವರೇ ಜಾಸ್ತಿ. 600 ಪ್ರತಿಯ ಪ್ರೆಸ್ ಬಿಲ್ ಬಹುತೇಕ ಅಲ್ಲೇ ತೀರಿತು. ಉಳಿದದ್ದು ಸುಮಾರು 30 ಸಾವಿರ, ಅರ್ಧರ್ಧ. ಅದರಲ್ಲೂ ಸೇಠಜಿ ಚಹಾ ಲೆಕ್ಕ ಮುರಕೊಂಡೇ ಕೊಟ್ಟರು.

ಈಗ ಬ್ಯಾಡಗಿ ಮೆಣಸಿನಕಾಯಿ ಪೇಟೆ ಹಿಡಿದಿದ್ದೇವೆ. ಆವಕ ಜೋರಿದ್ದಾಗ ಒಮ್ಮೆ ಹೋಗಿ ಬಂದೆವು. ಎರಡು ತಾಸಿನ ರೆಕಾರ್ಡಿಂಗಿನಲ್ಲಿ ಮುಕ್ಕಾಲು ಭಾಗ ನಮ್ಮಿಬ್ಬರ ಸೀನು.