22 ಮಿಲಿಮೀಟರ್ ಎತ್ತರದ ಪೈಲಟ್‌ಗೆ ಸೀರೆ ಉಡಿಸಿದ್ದು

ಪುಟ್ಟ ಪ್ಲಾಸ್ಟಿಕ್ ವಿಮಾನ ಕಟ್ಟುವ ಕಿಟ್‌ನ ಪೆಟ್ಟಿಗೆ ತೆರೆದ ಕೂಡಲೇ ನನ್ನ ಮಗಳು ಹುಡುಕುವುದು ಪೈಲಟ್‌ನನ್ನು. ರೆಕ್ಕೆ, ಚಕ್ರ, ಎಂಜಿನ್ ಎಲ್ಲ ಆಮೇಲೆ. ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟಿನ ಯಾವುದೋ ಮೂಲೆಯಲ್ಲಿ ತೊಡೆಯ ಮೇಲೆ ಕೈಯಿಟ್ಟು ಕುಳಿತ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಆ ಮನುಷ್ಯ ಸಿಕ್ಕ ಮೇಲೆಯೇ ಅವಳಿಗೆ ಸಮಾಧಾನ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಭಾನುವಾರ ಹೊಸ ಪೆಟ್ಟಿಗೆ ಬಿಚ್ಚಿ, "ಅಮ್ಮಾ, ಇದರಲ್ಲೂ ಗಂಡಸೇ ಇದ್ದಾನೆ" ಎಂದಳು. ಆಮೇಲೆ ಗಾಜಿನ ಕಪಾಟಿನ ಮುಂದೆ ನಿಂತು ಒಂದೊಂದೇ ಎಣಿಸಿದಳು. ಹನ್ನೊಂದು ವಿಮಾನ, ಹನ್ನೊಂದರಲ್ಲೂ ಗಂಡಸರು. ಎಲ್ಲವನ್ನೂ ಅಂಟಿಸಿದವಳು ನಾನು, ಬಣ್ಣ ಹಚ್ಚಿದವಳು ನಾನು. ಇಷ್ಟು ವರ್ಷ ಈ ಮಾತು ನನಗೇ ಹೊಳೆದಿರಲಿಲ್ಲವಲ್ಲ ಎಂಬುದು ಬಹಳ ದಿನ ಮನಸ್ಸನ್ನು ಚುಚ್ಚಿತು.

ನಾನು ಬೆಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಸ್ಕೇಲ್ ಮಾಡೆಲ್ ಕಟ್ಟಲು ಕುಳಿತದ್ದು ಮೂವತ್ತು ದಾಟಿದ ಮೇಲೆ. ಆದರೆ ಅಳತೆ ತಗ್ಗಿಸಿದ ಲೋಕ ನನಗೆ ಹೊಸದಾಗಿರಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಿದ್ದೆವು. ಅಜ್ಜಿ ಮದುವೆಯಲ್ಲಿ ತವರಿನಿಂದ ತಂದ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಿನಲ್ಲಿ. ಕೆಳಗೆ ನೆಲದ ಮೇಲೆ ಅಮ್ಮ ಮತ್ತು ಚಿಕ್ಕಮ್ಮಂದಿರು ಕಟ್ಟುವ ಊರು. ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿದ ಹೊಲ, ಕನ್ನಡಿಯ ಕೆರೆ, ಕನ್ನಡಿಯ ಅಂಚು ಕಾಣದಂತೆ ಸುತ್ತ ಮರಳು. ಶೆಟ್ಟಿಯ ಅಂಗಡಿಯ ಪಕ್ಕ ಯಾರಾದರೂ ಆನೆ ಇಟ್ಟರೆ ಅಜ್ಜಿ ಬಿಡುತ್ತಿರಲಿಲ್ಲ. "ಆನೆಗಿಂತ ಶೆಟ್ಟಿಯೇ ದೊಡ್ಡವನಾದನಲ್ಲ! ಆನೆಯನ್ನು ಹಿಂದಕ್ಕೆ ಸರಿಸು, ದೂರದಲ್ಲಿ ಬರುತ್ತಿರುವಂತೆ ಕಾಣಲಿ" ಎನ್ನುತ್ತಿದ್ದಳು. ಡಯೊರಾಮಾ, ಅಂದರೆ ಪುಟ್ಟ ಮಾದರಿಗಳಿಂದ ಇಡೀ ದೃಶ್ಯ, ಮಾಡುವವರು ಇಂದು ಇದನ್ನೇ ದೊಡ್ಡ ವಿದ್ಯೆಯಾಗಿ ಕಲಿಸುತ್ತಾರೆ. ನಮ್ಮ ಮನೆಯ ಹೆಂಗಸರು ಪ್ರತಿವರ್ಷ ಮಾಡಿ, ಹಬ್ಬ ಮುಗಿದ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕುತ್ತಿದ್ದರು. ಹಾಗಾಗಿ "ಇಂಥ ಸಣ್ಣ ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ಆಸಕ್ತಿ ಇರುವುದಿಲ್ಲ" ಎಂದು ಯಾರಾದರೂ ಹೇಳಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಅಂಥ ಮಾತು ಕೇಳಿದ್ದೇನೆ. ಒಂದು ಪ್ರದರ್ಶನದಲ್ಲಿ ನನ್ನ ಮಾದರಿಯ ಮುಂದೆ ನಿಂತ ಹಿರಿಯರೊಬ್ಬರು ಬಣ್ಣ ಹೇಗೆ ಹಚ್ಚಿದ್ದೆಂದು ಕೇಳಿದ್ದು ನನ್ನ ಗಂಡನನ್ನು. ಅವರು ಮಗಳ ನೀರಿನ ಬಾಟಲಿ ಹಿಡಿದು ನನ್ನ ಹಿಂದೆ ನಿಂತಿದ್ದರು. "ಅವಳನ್ನು ಕೇಳಿ, ನನಗೆ ತಿಳಿಯದು" ಎಂದರು. ಹಿರಿಯರು ನನ್ನತ್ತ ತಿರುಗಲಿಲ್ಲ, ಮುಂದಿನ ಮೇಜಿಗೆ ಹೋದರು. ಅಂದು ಸಂಜೆ ಮನೆಗೆ ಬಂದು ಮಾಡಿದ ಮೊದಲ ಕೆಲಸ ಇನ್ನೊಂದು ಕಿಟ್ ಬಿಚ್ಚಿದ್ದು.

ಆರಂಭದ ದಿನಗಳ ವಿಷಯವಾಗಿ ಎರಡು ಸಂಗತಿ ಹೇಳಲೇಬೇಕು. ಈ ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದಕ್ಕೆ ಬಳಸುವ, ಸಿಮೆಂಟ್ ಎಂದು ಕರೆಯುವ ತೆಳು ಅಂಟು ಮೇಲಿನಿಂದ ಅಂಟಿಕೊಳ್ಳುವುದಿಲ್ಲ. ಎರಡೂ ಅಂಚುಗಳನ್ನು ಕರಗಿಸಿ ಒಂದು ಮಾಡುತ್ತದೆ. ಎರಡು ತುಂಡುಗಳನ್ನು ಕೂಡಿಸಿ ಹಿಡಿದು ಸೀಳಿಗೆ ಬ್ರಷ್‌ನ ತುದಿ ಮುಟ್ಟಿಸಿದರೆ ಸಾಕು, ದೀಪದ ಬತ್ತಿ ಎಣ್ಣೆ ಎಳೆದುಕೊಂಡಂತೆ ಸೀಳೇ ದ್ರವವನ್ನು ಎಳೆದುಕೊಳ್ಳುತ್ತದೆ. ಇದು ತಿಳಿಯದೆ ನಾನು ನನ್ನ ಎರಡನೆಯ ಕಿಟ್‌ನ ರೆಕ್ಕೆಯ ಮೇಲೆ ಹರಿದ ಸಿಮೆಂಟನ್ನು ಉಗುರುಬಣ್ಣ ತೆಗೆಯುವ ದ್ರವದಿಂದ ಒರೆಸಿದೆ. ಅದರಲ್ಲಿದ್ದ ಅಸಿಟೋನ್ ರೆಕ್ಕೆಯನ್ನೇ ಮೇಣದಂತೆ ಕರಗಿಸಿತು, ಹತ್ತಿಯ ಎಳೆಗಳು ಅದರಲ್ಲಿ ಹೂತು ಉಳಿದವು. ಅದೇ ಅಂಗಡಿಯಲ್ಲಿ ಸಿಗುವ, ಉಗುರು ಹೊಳಪಿಸುವ ನಾಲ್ಕು ಮುಖದ ಫೈಲ್ ಮಾತ್ರ ನನ್ನ ಅತ್ಯುತ್ತಮ ಸಲಕರಣೆ. ಒರಟು ಮುಖದಿಂದ ಆರಂಭಿಸಿ ನಯವಾದ ಮುಖಕ್ಕೆ ಬಂದರೆ ಕಾಕ್‌ಪಿಟ್‌ನ ಪಾರದರ್ಶಕ ತುಂಡಿನ ಗೀರು ಕೂಡ ಮಾಯವಾಗುತ್ತದೆ.

ಇನ್ನೊಂದು, ಗಾಳಿ. ಮಗಳು ಹೊಟ್ಟೆಯಲ್ಲಿದ್ದಾಗ ಲ್ಯಾಕರ್, ಥಿನ್ನರ್, ಸಿಮೆಂಟ್ ಎಲ್ಲವನ್ನೂ ಕಟ್ಟಿ ಗೆಳತಿಯ ಮನೆಯಲ್ಲಿ ಇಟ್ಟಿದ್ದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್, ಕೈಬ್ರಷ್, ತೆರೆದ ಕಿಟಕಿ, ಇಷ್ಟೇ. ಆಗ ಕಟ್ಟಲಿಲ್ಲ, ಮೊದಲೇ ಅಂಟಿಸಿಟ್ಟ ಮಾದರಿಗಳಿಗೆ ಬಣ್ಣ ಹಚ್ಚಿದೆ. ಬ್ರಷ್ ಹಿಡಿಯುವುದನ್ನು ನಾನು ನಿಜವಾಗಿ ಕಲಿತದ್ದು ಆ ತಿಂಗಳುಗಳಲ್ಲಿ. ಈಗಲೂ ಲ್ಯಾಕರ್ ಹೊಡೆಯುವಾಗ ಮಗಳು ಆ ಕೋಣೆಯೊಳಗೆ ಕಾಲಿಡುವಂತಿಲ್ಲ, ನಾನು ಫಿಲ್ಟರ್ ಇರುವ ಮಾಸ್ಕ್ ಹಾಕಿಯೇ ಕೂರುತ್ತೇನೆ. ಜುಲೈ, ಆಗಸ್ಟ್‌ನ ಮಳೆಯಲ್ಲಂತೂ ಲ್ಯಾಕರ್ ಮುಟ್ಟುವುದೇ ಇಲ್ಲ. ತೇವ ಹಿಡಿದು ಬಣ್ಣದ ಮೇಲೆ ಹಾಲಿನ ಕೆನೆಯಂತೆ ಬಿಳಿ ಪೊರೆ ಬರುತ್ತದೆ.

ಮಗಳ ಎಣಿಕೆಯ ಮಾತಿಗೆ ಬರುತ್ತೇನೆ. ಹೆಣ್ಣಿನ ಬೊಂಬೆಗಳಿಗಾಗಿ ಇಂಟರ್‌ನೆಟ್‌ನಲ್ಲಿ ಹುಡುಕಿದೆ. ರೈಲು ಮಾದರಿ ಕಟ್ಟುವವರಿಗೆ ಸಿಗುವ ಬೊಂಬೆಗಳಲ್ಲಿ ಹೆಂಗಸರು ಬೇಕಾದಷ್ಟು ಇದ್ದಾರೆ. ಚೀಲ ಹಿಡಿದು ಪ್ಲಾಟ್‌ಫಾರ್ಮ್‌ನಲ್ಲಿ ಕಾಯುತ್ತಿರುತ್ತಾರೆ. ಅವು ಸಾಮಾನ್ಯವಾಗಿ 1/87 ಅಳತೆಯವು, ಅಂದರೆ ನಿಜವಾದದ್ದಕ್ಕಿಂತ 87 ಪಟ್ಟು ಚಿಕ್ಕವು, ನನ್ನ 1/72 ವಿಮಾನದ ಪಕ್ಕ ಮಕ್ಕಳಂತೆ ಕಾಣುತ್ತವೆ. ಈಚೆಗೆ ರೆಸಿನ್‌ನಲ್ಲಿ, ತ್ರೀಡಿ ಮುದ್ರಣದಲ್ಲಿ ಮಹಿಳಾ ಪೈಲಟ್‌ಗಳೂ ಬರುತ್ತಿದ್ದಾರೆ. ಆದರೆ ಹುಡುಕುವಾಗ ಕಣ್ಣಿಗೆ ಬಿದ್ದ ಎಷ್ಟೋ ಹೆಣ್ಣು ಬೊಂಬೆಗಳು ಅರೆಬೆತ್ತಲೆಯಾಗಿ ವಿಮಾನದ ಮೂತಿಗೆ ಒರಗಿ ನಿಂತಿದ್ದವು. ಒಂಬತ್ತು ವರ್ಷದ ಮಗಳು ಪಕ್ಕದಲ್ಲಿ ಕುಳಿತಿದ್ದಳು. ಪರದೆ ಮುಚ್ಚಿದೆ. ಮಾಡುವುದಾದರೆ ನಾನೇ ಮಾಡುತ್ತೇನೆ ಎಂದು ಅಂದೇ ನಿರ್ಧರಿಸಿದೆ.

ಯಾರನ್ನು ಮಾಡುವುದು ಎಂಬುದರಲ್ಲಿ ಗೊಂದಲವಿರಲಿಲ್ಲ. ಸರಳಾ ಠಕ್ರಾಲ್. 1936ರಲ್ಲಿ, 21ನೇ ವಯಸ್ಸಿನಲ್ಲಿ, ಲಾಹೋರಿನಲ್ಲಿ ಜಿಪ್ಸಿ ಮಾತ್ ಎಂಬ, ಒಂದರ ಮೇಲೊಂದು ರೆಕ್ಕೆಯಿರುವ ಎರಡು ಆಸನದ ವಿಮಾನವನ್ನು ಒಬ್ಬರೇ ಹಾರಿಸಿದವರು. ಆಗಲೇ ಅವರಿಗೆ ನಾಲ್ಕು ವರ್ಷದ ಮಗಳಿದ್ದಳು. ಕಾಕ್‌ಪಿಟ್ ಹತ್ತಿದ್ದು ಸೀರೆಯುಟ್ಟು. ಮುಂದೆ ದೆಹಲಿಯಲ್ಲಿ ನೆಲೆಸಿ ಚಿತ್ರ ಬರೆಯುವುದು, ಆಭರಣ ಮತ್ತು ಬಟ್ಟೆಗಳ ವಿನ್ಯಾಸ ಮಾಡುವುದು ಇವುಗಳಲ್ಲಿ ತೊಡಗಿ, 2008ರಲ್ಲಿ ತೀರಿಕೊಂಡರು. ಸೂಜಿ, ಬ್ರಷ್ ಹಿಡಿಯುವ ಕೈಯೇ ವಿಮಾನ ನಡೆಸುವ ಹಿಡಿಕೆಯನ್ನೂ ಹಿಡಿದಿತ್ತು ಎಂಬುದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

1/72 ಅಳತೆ ನಮ್ಮ ತಲೆಮಾರಿಗೆ ಬಹಳ ಸುಲಭ. ಆರು ಅಡಿ ಅಂದರೆ ಒಂದು ಇಂಚು. ಜಿಪ್ಸಿ ಮಾತ್‌ನ ರೆಕ್ಕೆಯ ಹರವು 30 ಅಡಿ, ಮಾದರಿಯಲ್ಲಿ ಐದೇ ಇಂಚು. ಅಂಗೈಯಲ್ಲಿ ಕೂರುತ್ತದೆ. ಕಟ್ಟುವುದೇನೂ ಕಷ್ಟವಲ್ಲ, ಕಷ್ಟ ಬರುವುದು ಎರಡು ರೆಕ್ಕೆಗಳ ನಡುವಿನ ತಂತಿಗಳಲ್ಲಿ. ನಿಜವಾದ ವಿಮಾನದಲ್ಲಿ ಅವು ಗಾಳಿಯನ್ನು ಸೀಳುವ ಚಪ್ಪಟೆ ಉಕ್ಕಿನ ತಂತಿಗಳು, ಅಗಲ ಕೆಲವೇ ಮಿಲಿಮೀಟರ್. ಅದನ್ನು 72ರಿಂದ ಭಾಗಿಸಿ ನೋಡಿ. ಹೊಲಿಗೆಯ ದಾರ ಹಾಕಿದರೆ ಹಡಗಿನ ಹಗ್ಗದಂತೆ ಕಾಣುತ್ತದೆ. ಕೆಲವರು ಕಿಟ್‌ನ ಚೌಕಟ್ಟಿನ ತುಂಡನ್ನು ಉರಿಯ ಮೇಲೆ ಮೆತ್ತಗಾಗಿಸಿ ಎಳೆದು ಕೂದಲಿನಂಥ ಎಳೆ ಮಾಡಿಕೊಳ್ಳುತ್ತಾರೆ. ನಾನೂ ಮಾಡಿದೆ, ಮುಟ್ಟಿದರೆ ಮುರಿಯುತ್ತಿತ್ತು.

ಕೊನೆಗೆ ದಾರಿ ಸಿಕ್ಕಿದ್ದು ರಾಮನಗರದಲ್ಲಿ. ಸಂಬಂಧಿಕರ ಪರಿಚಯದವರ ರೇಷ್ಮೆ ಬಿಚ್ಚಾಣಿಕೆ ಘಟಕಕ್ಕೆ ಹೋಗಿದ್ದೆವು. ಬಿಸಿನೀರಿನ ತೊಟ್ಟಿಯಲ್ಲಿ ಕುಣಿಯುವ ಗೂಡುಗಳಿಂದ ಎಳೆ ಎತ್ತಿ ರಾಟೆಗೆ ಕೊಡುತ್ತಿದ್ದವರೆಲ್ಲ ಹೆಂಗಸರು. ಅವರ ಬೆರಳುಗಳಿಗೆ ಕಣ್ಣಿಗೆ ಕಾಣದ ಎಳೆ ಸಿಗುತ್ತಿತ್ತು, ನನಗೆ ಸಿಗಲಿಲ್ಲ. 20/22 ಡೆನಿಯರ್‌ನ (ಡೆನಿಯರ್ ಎಂದರೆ ಎಳೆಯ ಸಣ್ಣತನದ ಅಳತೆ) ಕಚ್ಚಾ ರೇಷ್ಮೆಯ ಒಂದು ಚಿಕ್ಕ ಲಡಿ ಕೇಳಿ ತಂದೆ. ಅದರ ದಪ್ಪ ಸುಮಾರು 0.05 ಮಿಲಿಮೀಟರ್. ಕಚ್ಚಾ ರೇಷ್ಮೆಯಲ್ಲಿ ಸೆರಿಸಿನ್ ಎಂಬ ಸಹಜ ಗೋಂದು ಉಳಿದಿರುತ್ತದೆ, ಆದ್ದರಿಂದ ಎಳೆ ಸೆಟೆದು ನೇರವಾಗಿ ನಿಲ್ಲುತ್ತದೆ. ತೊಳೆದು ಮೃದುಮಾಡಿದ ರೇಷ್ಮೆ ಇಲ್ಲಿ ಉಪಯೋಗಕ್ಕೆ ಬಾರದು, ಜೋತುಬೀಳುತ್ತದೆ. ರೆಕ್ಕೆಗೆ 0.3 ಮಿಲಿಮೀಟರ್ ಡ್ರಿಲ್‌ನಿಂದ ತೂತು ಕೊರೆದು, ಎಳೆಗೆ ಕಪ್ಪು ಬೂದು ಮಾರ್ಕರ್ ಸವರಿ, ಒಂದು ತುದಿಯನ್ನು ಅಂಟಿಸಿ ಒಣಗಿಸಿ, ಇನ್ನೊಂದು ತುದಿಗೆ ಬಟ್ಟೆ ಒಣಗಿಸುವ ಕ್ಲಿಪ್ ತೂಗುಬಿಟ್ಟು ಬಿಗಿಮಾಡಿ ಅಂಟಿಸಿದೆ. ಮೂರು ಶನಿವಾರ ಹಿಡಿಯಿತು. ದೀಪದ ಬೆಳಕು ಓರೆಯಾಗಿ ಬಿದ್ದಾಗ ಆ ತಂತಿಗಳು ಮಿಂಚುವುದನ್ನು ನೋಡಬೇಕು.

ಇನ್ನು ಪೈಲಟ್. ಕಿಟ್‌ನಲ್ಲಿದ್ದ ಗಂಡಸನ್ನು ಹಿಂದಿನ ಕಾಕ್‌ಪಿಟ್‌ನಲ್ಲಿ ಕೂರಿಸಬಹುದಿತ್ತು. ಜಿಪ್ಸಿ ಮಾತ್ ಅನ್ನು ಒಬ್ಬರೇ ಹಾರಿಸುವಾಗ ಕೂರುವುದು ಅಲ್ಲಿಯೇ. ಆದರೆ ಕೂರಿಸಿದರೆ ಭುಜದಿಂದ ಕೆಳಗೆ ಏನೂ ಕಾಣುವುದಿಲ್ಲ. ನನಗೆ ಸೀರೆ ಕಾಣಬೇಕಿತ್ತು. ಹಾಗಾಗಿ ವಿಮಾನದ ಪಕ್ಕದಲ್ಲಿ, ಒಂದು ಕೈಯನ್ನು ಕಾಕ್‌ಪಿಟ್‌ನ ಅಂಚಿನ ಮೇಲಿಟ್ಟು ಹತ್ತಲು ಸಿದ್ಧವಾಗಿ ನಿಂತ ಭಂಗಿ. ಐದಡಿ ಎರಡು ಇಂಚಿನ ಹೆಣ್ಣು 1/72ರಲ್ಲಿ 22 ಮಿಲಿಮೀಟರ್. ತಾಮ್ರದ ತಂತಿಯ ಅಸ್ಥಿಪಂಜರ, ಅದರ ಮೇಲೆ ಎಂ-ಸೀಲ್. ಕಲಸಿದ ಮೇಲೆ ಎಂ-ಸೀಲ್ ಬೆರಳಿಗೆ ಅಂಟುತ್ತದೆ. ಸೂಜಿಯ ತುದಿಯನ್ನು ನೀರಿನಲ್ಲಿ ಅದ್ದಿ ಕೆತ್ತಬೇಕು. ಮುಖಕ್ಕಿಂತ ಭುಜ ಮುಖ್ಯ ಎಂದು ಇಲ್ಲಿ ಕಲಿತೆ. ಈ ಅಳತೆಯಲ್ಲಿ ಕಣ್ಣು ಮೂಗು ಯಾರಿಗೂ ಕಾಣುವುದಿಲ್ಲ, ನಿಂತ ರೀತಿ ಮಾತ್ರ ಕಾಣುತ್ತದೆ. ಭುಜ ಅರ್ಧ ಮಿಲಿಮೀಟರ್ ಅಗಲವಾದರೆ ಗಂಡಸಿಗೆ ಸೀರೆ ಸುತ್ತಿದಂತಾಗುತ್ತದೆ.

ಐದೂವರೆ ಮೀಟರ್ ಸೀರೆ ಈ ಅಳತೆಯಲ್ಲಿ 76 ಮಿಲಿಮೀಟರ್ ಉದ್ದ, 16 ಮಿಲಿಮೀಟರ್ ಅಗಲ. ಟಿಶ್ಯೂ ಕಾಗದದ ಪದರ ಬಿಡಿಸಿ ಒಂದೇ ಪದರ ತೆಗೆದುಕೊಂಡು, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ಪೂರ್ತಿ ಒಣಗುವ ಮೊದಲೇ ಉಡಿಸಬೇಕು. ಮೊದಲ ಸೀರೆ ಹರಿಯಿತು. ಎರಡನೆಯದು ನಿಂತಿತು. ನೆರಿಗೆ ಐದು, ಸೆರಗನ್ನು ಬೆನ್ನಿನ ಮೇಲಿಂದ ಬಳಸಿ ತಂದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದೆ. ವಿಮಾನದ ಪ್ರೊಪೆಲ್ಲರ್ ತಿರುಗುವ ಜಾಗದಲ್ಲಿ ಯಾವ ಹೆಂಗಸೂ ಸೆರಗನ್ನು ಹಾರಲು ಬಿಡುವುದಿಲ್ಲ. ಸೆರಗು ಹಾರುತ್ತಿದ್ದರೆ ಚಿತ್ರಕ್ಕೆ ಚೆನ್ನ ಎಂದು ಒಬ್ಬ ಗೆಳೆಯರು ಸಲಹೆ ಕೊಟ್ಟರು, ಒಪ್ಪಲಿಲ್ಲ.

ಬಣ್ಣ ಹಚ್ಚುವ ಮೊದಲು ಮೈಸೂರಿನಿಂದ ಅಮ್ಮ ಬಂದಳು. ಭೂತಗನ್ನಡಿ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದಳು. "ನೆರಿಗೆ ಬಲಕ್ಕೆ ತಿರುಗಿದೆಯಲ್ಲೇ. ಎಡಕ್ಕೆ ತಾನೇ ಇರಬೇಕು?" ಎಂದಳು. ನಿಜ. ಎದುರಿನಿಂದ ನೋಡುತ್ತಾ ಮಡಿಸಿದ್ದರಿಂದ ನನ್ನ ಎಡವೇ ಬೊಂಬೆಯ ಬಲವಾಗಿತ್ತು. ಸಾವಿರ ಸಲ ನೆರಿಗೆ ಹಿಡಿದ ನನಗೆ ಅದು ಕಾಣಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಬೊಂಬೆಯನ್ನು ಇಟ್ಟು ಫೆವಿಕಾಲ್ ಮೆತ್ತಗಾಗಿಸಿ ಕಾಗದ ಬಿಡಿಸಿದೆ. ಮೂರನೆಯ ಸೀರೆಯನ್ನು ಅಮ್ಮನೇ ಮಡಿಸಿದಳು. ಎರಡು ಸೂಜಿ ಹಿಡಿದು, ಬೊಂಬೆಯನ್ನು ತನ್ನತ್ತ ಬೆನ್ನು ಮಾಡಿ ಇಟ್ಟುಕೊಂಡು, ತಾನೇ ಉಡುತ್ತಿರುವಂತೆ. ಅವಳ ನೆರಿಗೆ ಏಳು ಬಂತು.

ಬಿಳಿ ಹತ್ತಿಯ ಸೀರೆ, ಕೆಂಪು ಅಂಚು. ಅಂಚಿನ ಗೆರೆ ಎಳೆದವಳು ಮಗಳು. ಅವಳ ಕೈ ನನ್ನ ಕೈಗಿಂತ ಸ್ಥಿರ. ವಿಮಾನಕ್ಕೆ ಬೆಳ್ಳಿ ಬಣ್ಣ. ಆ ವರ್ಷ ನವರಾತ್ರಿಯಲ್ಲಿ ಅದನ್ನು ಮೈಸೂರಿನ ಮನೆಯಲ್ಲಿ ಕೂರಿಸಿದೆವು. ಪಟ್ಟದ ಗೊಂಬೆಗಳ ಎದುರು ಅದು ಏನೂ ಅಲ್ಲದಷ್ಟು ಚಿಕ್ಕದು, ಆದ್ದರಿಂದ ಅಮ್ಮ ಅದಕ್ಕೆ ನೆಲದ ಊರಿನಲ್ಲಿ, ರಾಗಿಯ ಹೊಲದಾಚೆ, ಬೇರೆಯೇ ಒಂದು ಮೈದಾನ ಮಾಡಿದಳು. ಬಾಗಿನಕ್ಕೆ ಬಂದ ಹೆಂಗಸರು ಮಂಡಿಯೂರಿ ಬಗ್ಗಿ ನೋಡಿದರು. ಪಕ್ಕದ ಬೀದಿಯ ಇಬ್ಬರು ಹುಡುಗಿಯರು ಮರುದಿನ ಮತ್ತೆ ಬಂದರು. ಅವರಲ್ಲಿ ಒಬ್ಬಳು ಈಗ ರಜೆಯಲ್ಲಿ ಬೆಂಗಳೂರಿಗೆ ಬಂದಾಗಲೆಲ್ಲ ನಮ್ಮ ಮೇಜಿನ ಮುಂದೆ ಕೂರುತ್ತಾಳೆ.

ಆ ಮೇಜಿನ ಮೇಲೆ ಈಗ ಇರುವುದು ಪೊಲಿಕಾರ್ಪೊವ್ ಪೊ-2. ಮರ ಮತ್ತು ಬಟ್ಟೆಯ ಈ ನಿಧಾನದ ವಿಮಾನದಲ್ಲಿ ಸೋವಿಯತ್ ಒಕ್ಕೂಟದ 588ನೇ ರಾತ್ರಿ ಬಾಂಬರ್ ರೆಜಿಮೆಂಟ್‌ನ ಹುಡುಗಿಯರು ಎರಡನೆಯ ಮಹಾಯುದ್ಧದಲ್ಲಿ ಹಾರಿದರು. ಪೈಲಟ್, ನ್ಯಾವಿಗೇಟರ್ ಮಾತ್ರವಲ್ಲ, ಬಾಂಬು ತುಂಬುವವರು, ಎಂಜಿನ್ ರಿಪೇರಿ ಮಾಡುವವರೂ ಹೆಣ್ಣುಮಕ್ಕಳೇ. ಹನ್ನೆರಡು ತುಂಬಿದ ಮಗಳು ಈ ಬಾರಿ ಗಂಡಸರ ಬೊಂಬೆಗಳನ್ನೇ ಕೆತ್ತಿ ತಿದ್ದುತ್ತಿದ್ದಾಳೆ. ಕುತ್ತಿಗೆ ತೆಳುಮಾಡಿದಳು, ಭುಜ ಉಜ್ಜಿದಳು, ಎತ್ತರವನ್ನು ಒಂದು ಮಿಲಿಮೀಟರ್ ಇಳಿಸಿದಳು. ಬೂಟುಗಳಿಗೆ ಚಾಕು ಇಟ್ಟಾಗ ನಾನು ತಡೆದೆ. ಆ ಹುಡುಗಿಯರಿಗೆ ಸೇನೆ ಮೊದಲು ಕೊಟ್ಟಿದ್ದು ಗಂಡಸರ ಬೂಟುಗಳನ್ನೇ. ಕಾಲು ಜಾರದಂತೆ ಅವರು ಬಟ್ಟೆಯ ಚೂರು ತುರುಕಿಕೊಂಡು ನಡೆಯುತ್ತಿದ್ದರು. ಮಗಳು ಚಾಕು ಕೆಳಗಿಟ್ಟು ಬೊಂಬೆಯನ್ನು ಬೆಳಕಿಗೆ ಹಿಡಿದಳು. "ಹಾಗಾದರೆ ಬೂಟು ಹೀಗೇ ಇರಲಿ" ಎಂದು ಪ್ರೈಮರ್ ಡಬ್ಬಿ ಕುಲುಕತೊಡಗಿದಳು.